ಎರಡು ರಿಂಗ್ ಮಳೆ, ಮೂರು ರಿಂಗ್ ಹಿಮ

ಫೋನ್ ಎತ್ತಬಾರದು ಎಂಬುದೇ ನಿಯಮ. ಎರಡು ಸಲ ರಿಂಗ್ ಆಗಿ ನಿಂತರೆ ಜೋರು ಮಳೆ. ಮೂರು ಸಲ ಆಗಿ ನಿಂತರೆ ಹಿಮ. ರಿಂಗ್ ಆಗದೇ ಇದ್ದರೆ ದಿನ ಚೆನ್ನಾಗಿದೆ, ನಿಮ್ಮ ಪಾಡಿಗೆ ನೀವು ಕೆಲಸ ನೋಡಿಕೊಳ್ಳಿ ಎಂದು ಅರ್ಥ. ಸ್ಲೇಟ್‌ಬರ್ನ್ ಕಣಿವೆಯ ಐದು ಮನೆಯವರೂ ಕುರಿ ಕೊಟ್ಟಿಗೆಯ ಹೊರಗೋಡೆಗೆ ದೊಡ್ಡದೊಂದು ಗಂಟೆ ಕೂರಿಸಿ ಅದನ್ನು ಫೋನಿಗೆ ಸೇರಿಸಿದ್ದರು. ಕೆಸರಿನಲ್ಲಿ ಕುರಿಗಳ ನಡುವೆ ನಿಂತವರು ಗಂಬೂಟು ಕಳಚಿ ಒಳಗೆ ಓಡುವ ತಾಪತ್ರಯ ಬೇಡವೆಂದು ಈ ಏರ್ಪಾಡು. ನಿಂತಲ್ಲೇ ಎಣಿಸಿಕೊಂಡರೆ ಸಾಕು.

ರಿಂಗ್ ಮಾಡುವವಳು ನಾನು, ಎಫಿ ಲಾಡರ್. ನಮ್ಮ ಮನೆ ಗುಡ್ಡದ ನೆತ್ತಿಯ ಮೇಲಿದೆ. ಆ ದಿನಗಳಲ್ಲಿ ಡನೀಡನ್ ನಗರದ ರೇಡಿಯೋ ಸರಿಯಾಗಿ ಕೇಳಿಸುತ್ತಿದ್ದುದು ನಮ್ಮ ಮನೆಯಲ್ಲಿ ಮಾತ್ರ. ಕೆಳಗಿನವರಿಗೆಲ್ಲ ಬರೀ ಗೊರಗೊರ. ಬೆಳಗ್ಗೆ ಏಳಕ್ಕೆ ಹವಾಮಾನ ವರದಿ ಕೇಳಿ ಏಳೂಕಾಲಿಗೆ ಡಯಲ್ ತಿರುಗಿಸಲು ಕೂರುತ್ತಿದ್ದೆ. ಈ ಕೆಲಸವನ್ನು ನನಗೆ ಯಾರೂ ವಹಿಸಿರಲಿಲ್ಲ. ನಾನೇ ಮೈಮೇಲೆ ಎಳೆದುಕೊಂಡಿದ್ದು.

ಅದಕ್ಕೆ ಕಾರಣವಿತ್ತು. ಇಪ್ಪತ್ತೆರಡು ವರ್ಷ ನಾನು ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಕೂತು ಇಡೀ ಕಣಿವೆಯ ಫೋನುಗಳನ್ನು ಒಂದಕ್ಕೊಂದು ಸೇರಿಸುತ್ತಿದ್ದೆ. ಯಾರು ಯಾರಿಗೆ ಕರೆ ಮಾಡಿದರು, ಯಾರು ಅತ್ತರು, ಯಾರು ಸುಳ್ಳು ಹೇಳಿದರು ಎಲ್ಲ ಗೊತ್ತಿತ್ತು. ಒಂದು ಮಾತನ್ನೂ ಹೊರಗೆ ಬಿಟ್ಟವಳಲ್ಲ. ಆಮೇಲೆ ತಾನೇ ತಾನಾಗಿ ಸೇರಿಸುವ ಯಂತ್ರ ಬಂತು. ನನಗೊಂದು ಗೋಡೆ ಗಡಿಯಾರ, ಒಂದು ಸ್ಪಂಜ್ ಕೇಕು ಕೊಟ್ಟು ಮನೆಗೆ ಕಳಿಸಿದರು. ಅಣ್ಣ ನೀಲ್ ಇದ್ದಷ್ಟು ದಿನ ಅವನಿಗೆ ಬೇಯಿಸಿ ಹಾಕಿದೆ. ಅವನು ತೀರಿಹೋದ ಮೇಲೆ ಹುಲ್ಲುಗಾವಲನ್ನು ಪಕ್ಕದ ನೋಯೆಲೀನಳ ಗಂಡನಿಗೆ ಬಿಟ್ಟುಕೊಟ್ಟೆ. ಉಳಿದದ್ದು ಮನೆ, ರೇಡಿಯೋ, ಅಂಗಳದಲ್ಲಿ ಮಳೆ ಅಳೆಯುವ ತಾಮ್ರದ ಡಬ್ಬಿ, ಮತ್ತೆ ನಾನು.

ಎಫಿ ಎಂಥ ಉಪಕಾರಿ ಎಂದು ಜನ ಹೊಗಳುತ್ತಿದ್ದರು. ಮಣ್ಣು ಉಪಕಾರ! ಅದೊಂದು ಕೆಲಸ ಇಲ್ಲದಿದ್ದರೆ ನನಗೆ ತಲೆ ಕೆಡುತ್ತಿತ್ತು. ಆದರೂ ನನ್ನ ಬುದ್ಧಿ ನೋಡಿ. ಮಾತಿಗಾಗಿ ಬಾಯಿ ಬಿಡುತ್ತಿದ್ದವಳು ನಾನು, ಯಾರೂ ಮಾತಾಡಬಾರದು ಎಂಬ ನಿಯಮ ಮಾಡಿದವಳೂ ನಾನೇ. ಐದು ಮನೆಗೆ ಕರೆ ಮಾಡುತ್ತಿದ್ದೆ, ಒಂದು ಮನೆಯವರೂ ಹಲೋ ಎನ್ನುತ್ತಿರಲಿಲ್ಲ. ನನಗೆ ಮಾತ್ರ ಯಾರೂ ರಿಂಗ್ ಮಾಡಿ ಹವಾಮಾನ ತಿಳಿಸಿದ್ದಿಲ್ಲ. ತಿಳಿಸುವವಳಿಗೆ ತಿಳಿಸುವುದೇನು?

ನಿಯಮ ಮುರಿಯುತ್ತಿದ್ದವನು ವಾಟಿ ಹಾರ್ಕ್‌ನೆಸ್ ಒಬ್ಬನೇ. ಕಣಿವೆಯ ತುದಿಯ ಮನೆಯವನು, ಅರವತ್ತೊಂದರ ಬ್ರಹ್ಮಚಾರಿ. ಆರುನೂರು ಹೆಣ್ಣು ಕುರಿ, ಫ್ಲೋ ಎಂಬ ಒಂದು ನಾಯಿ. ಎಲ್ಲರಿಗೂ ಮಾಡಿ ಕೊನೆಗೆ ಅವನಿಗೆ ಮಾಡುತ್ತಿದ್ದೆ. ಮಳೆಯ ದಿನವೇ ಆಗಲಿ, ಹಿಮದ ದಿನವೇ ಆಗಲಿ, ಎರಡನೆಯ ರಿಂಗ್ ಮುಗಿಯುತ್ತಲೇ ಎತ್ತಿಬಿಡುತ್ತಿದ್ದ.

"ಎರಡೇ ಕೇಳಿಸ್ತು ಎಫಿ. ಮಳೆನಾ, ಹಿಮನಾ?"

"ಸುಮ್ನೆ ಬಿಟ್ಟಿದ್ರೆ ಗೊತ್ತಾಗ್ತಿತ್ತಲ್ಲ, ಎತ್ತಿದ್ದು ಯಾಕೆ?"

"ಅಷ್ಟೊತ್ತು ಕಾಯೋರು ಯಾರು ಮಾರಾಯ್ತಿ. ಹೇಳು ಬೇಗ."

"ಮಳೆ."

"ಬರೀ ಮಳೆನಾ? ಹಂಗಾದ್ರೆ ಟೈಮಿದೆ. ಕೇಳಿಲ್ಲಿ, ನಮ್ಮ ಫ್ಲೋ ನಿನ್ನೆ ಪಾದ್ರಿಗಳ ಟೋಪಿ ಎತ್ಕೊಂಡು ಬಂದು ಅದರ ಮೇಲೆ ಮಲಗಿದಾಳೆ. ವಾಪಸ್ ಕೊಡೋ ಸ್ಥಿತೀಲಿಲ್ಲ. ಏನ್ಮಾಡ್ಲಿ?"

ನಾನು ಬೈಯುತ್ತಿದ್ದೆ. ಬೈದು ಬೈದು ಮಾತು ಹತ್ತು ನಿಮಿಷ ನಡೆಯುತ್ತಿತ್ತು. ಅವನ ಹಲ್ಲುನೋವು, ಹಾಳಾದ ಪಂಪು, ಕಡಲಕಾಗೆಗಳು ಇಷ್ಟು ಒಳನಾಡಿಗೆ ಬಂದು ಉತ್ತ ನೆಲದಲ್ಲಿ ಏನು ಹುಡುಕುತ್ತವೆ ಎಂಬ ಚರ್ಚೆ. ಫೋನ್ ಇಟ್ಟ ಮೇಲೆ ಆ ದಿನ ಮತ್ತೆ ನಾನು ಬಾಯಿ ತೆರೆಯುತ್ತಿದ್ದುದು ಕೋಳಿಗಳಿಗೆ ಮಾತ್ರ. ಕೆಟ್ಟ ಹವೆಗಾಗಿ ಹಾರೈಸುವಷ್ಟು ನಾನು ಹಾಳಾಗಿದ್ದೆ.

ಆ ವರ್ಷ, ತೊಂಬತ್ತಮೂರರ ಸೆಪ್ಟೆಂಬರಿನಲ್ಲಿ, ಊರ ಹಾಲ್‌ನಲ್ಲಿ ಹೆಂಗಸರ ಚಹಾ ಕೂಟವಿತ್ತು. ನೋಯೆಲೀನ್ ಚೀಸ್ ರೋಲಿನ ತಟ್ಟೆ ಹಿಡಿದು ನನ್ನೆದುರು ಬಂದು ನಿಂತಳು. ಮನಸ್ಸು ಕೆಟ್ಟದಲ್ಲ, ಬಾಯಿಗೆ ಬಾಗಿಲಿಲ್ಲ ಅಷ್ಟೆ.

"ಅಲ್ಲ ಎಫಿ, ನಮ್ಮನೆಗೆ ಎರಡೇ ರಿಂಗು, ವಾಟಿ ಮನೆಗೆ ಮಾತ್ರ ಕಾಲು ಗಂಟೆನಂತೆ? ನಮ್ಮನೆಯವರು ಅರ್ಜೆಂಟಾಗಿ ಅವನಿಗೆ ಫೋನ್ ಮಾಡೋಕೆ ಹೋದ್ರೆ ಬರೀ ಎಂಗೇಜು. ಯಾವಾಗಮ್ಮ ಮದುವೆ ಊಟ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಐವತ್ತಾರು ವರ್ಷದ ಹೆಂಗಸು, ಇಡೀ ಕಣಿವೆಯ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಮರ್ಯಾದೆಯಿಂದ ಬದುಕಿದವಳು, ಈಗ ನಾನೇ ಊರ ಬಾಯಿಗೆ ಬಿದ್ದಿದ್ದೆ.

ಮರುದಿನವೇ ಮಳೆಯ ವರದಿ ಬಂತು. ಎರಡನೆಯ ರಿಂಗಿಗೆ ವಾಟಿ ಎತ್ತಿದ.

"ಮಳೆನಾ, ಹಿಮ—"

"ಮಳೆ. ಇಲ್ನೋಡು ವಾಟಿ, ಇನ್ಮೇಲೆ ಫೋನ್ ಎತ್ತಬೇಡ. ಎಲ್ಲರ ಥರ ಎಣಿಸು, ನಿನ್ನ ಕೆಲಸ ನೋಡ್ಕೋ."

"ಯಾಕೆ, ಏನಾಯ್ತು? ನಿನ್ನ ಹತ್ರ ಒಂದು ಮಾತು ಹೇಳ್ಬೇಕಿತ್ತು ಎಫಿ. ಒಂದು ವಾರದಿಂದ ಅನ್ಕೋತಾ ಇದೀನಿ..."

"ಕುರಿ ವಿಷಯನಾ?"

"ಅಲ್ಲ. ಅಂದ್ರೆ, ಹೌದು ಅಂತ್ಲೂ—"

"ಅಲ್ದಿದ್ರೆ ಇಡು."

ಅವನು ಇಡುವ ಮೊದಲೇ ನಾನು ಇಟ್ಟೆ. ಆಮೇಲೆ ಎರಡು ಸಲ ಮಳೆ ಬಂತು. ಎರಡು ಸಲವೂ ಅವನು ಎತ್ತಲಿಲ್ಲ. ರಿಂಗ್ ಮುಗಿದ ಮೇಲೂ ಕಾಯುತ್ತ ಕೂರುತ್ತಿದ್ದೆ. ನಾನೇ ಕೇಳಿ ಪಡೆದದ್ದು, ದೂರುವುದಾದರೂ ಯಾರನ್ನು? ಆ ವಾರ ಮನೆಯಲ್ಲಿ ಗಡಿಯಾರದ ಸದ್ದು ಎಷ್ಟು ಜೋರಾಗಿತ್ತೆಂದರೆ, ಅದನ್ನು ತೆಗೆದು ಸ್ನಾನದ ಕೋಣೆಯಲ್ಲಿಟ್ಟೆ.

ಮುಂದಿನ ಗುರುವಾರ ಬೆಳಗ್ಗೆ ರೇಡಿಯೋದವನು ನಿದ್ದೆಗಣ್ಣಿನ ದನಿಯಲ್ಲಿ ಓದಿದ. ದಕ್ಷಿಣ ಒಟಾಗೋ ಪ್ರಾಂತ್ಯದಲ್ಲಿ ಬೆಳಗ್ಗೆ ಮಳೆ, ತೆಂಕಣ ಗಾಳಿ ಬಲವಾಗಲಿದೆ, ಮಧ್ಯಾಹ್ನದೊಳಗೆ ಮಳೆಯು ಹಿಮವಾಗಿ ಬದಲಾಗಿ ಗುಡ್ಡದ ತುದಿಯಿಂದ ಇನ್ನೂರು ಮೀಟರ್ ಎತ್ತರದವರೆಗೂ ಇಳಿದು ಬೀಳಲಿದೆ, ಕುರಿ ಸಾಕಣೆಗಾರರು ಎಚ್ಚರ ವಹಿಸಬೇಕು. ನಮ್ಮಲ್ಲಿ ಸೆಪ್ಟೆಂಬರ್ ಎಂದರೆ ವಸಂತ, ಚಳಿ ಬೀಸುವುದು ತೆಂಕಣದಿಂದ. ವಸಂತದ ಹಿಮ ಚಳಿಗಾಲದ ಹಿಮದಂತಲ್ಲ. ಮೊದಲು ಮಳೆಯಲ್ಲಿ ಚರ್ಮದವರೆಗೆ ನೆನೆಸಿ, ಆಮೇಲೆ ಮೇಲಿಂದ ಸುರಿಯುತ್ತದೆ. ಉಣ್ಣೆ ಇದ್ದ ಕುರಿ ಹೇಗೋ ತಡೆದುಕೊಳ್ಳುತ್ತದೆ. ವಾಟಿಯ ಕುರಿಗಳ ಮೈಮೇಲೆ ಉಣ್ಣೆಯೇ ಇರಲಿಲ್ಲ. ಮರಿ ಹಾಕುವ ಮುಂಚೆ ಬೋಳಿಸುವುದು ಅವನ ಪದ್ಧತಿ. ಬೋಳಿಸಿದ ಕುರಿಗೆ ಚಳಿ ಚೆನ್ನಾಗಿ ತಾಗುತ್ತದೆ, ಅದಕ್ಕೇ ಮರಿಯನ್ನು ಗಾಳಿ ಇಲ್ಲದ ಮರೆಯಲ್ಲಿ ಹಾಕುತ್ತದೆ ಎಂದು ಅವನ ವಾದ. ಉಣ್ಣೆ ಕತ್ತರಿಸುವವರ ವ್ಯಾನು ಹಿಂದಿನ ಶನಿವಾರ ನಮ್ಮ ಮನೆ ಮುಂದೆಯೇ ಹೋಗಿತ್ತು. ಆರುನೂರು ಬೋಳು ಕುರಿ, ಎಲ್ಲವೂ ತುಂಬು ಗಬ್ಬ, ಮರಿ ಹಾಕಲು ಇನ್ನು ಹನ್ನೆರಡೇ ದಿನ.

ನಾಲ್ಕು ಮನೆಗೆ ಮೂರು ಮೂರು ರಿಂಗ್ ಮಾಡಿದೆ. ಐದನೆಯದು ವಾಟಿ. ಒಂದು ರಿಂಗ್. ಎರಡು ರಿಂಗ್. ಖಟ್ ಎಂದು ಎತ್ತಿದ.

ಆ ಕಡೆಯಿಂದ ಮಾತಿಲ್ಲ. ಅವನ ಅಡುಗೆಮನೆಯಲ್ಲಿ ಕೆಟಲ್ ಸುಯ್ಯೆನ್ನುತ್ತಿತ್ತು, ನೆಲದ ಮೇಲೆ ಫ್ಲೋ ಉಗುರು ಸದ್ದು ಮಾಡುತ್ತ ಓಡಾಡುತ್ತಿದ್ದಳು. ನಾನೂ ಏನೂ ಹೇಳಲಿಲ್ಲ. ಆಮೇಲೆ ಅವನು ಫೋನ್ ಇಟ್ಟುಬಿಟ್ಟ.

ಅವನಿಗೆ ಕೇಳಿಸಿದ್ದು ಎರಡು. ಆ ಕ್ಷಣದಲ್ಲೇ ನನಗದು ಗೊತ್ತಿತ್ತು. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವಳಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಇನ್ನೊಮ್ಮೆ ಡಯಲ್ ತಿರುಗಿಸಿದ್ದರೆ ಹತ್ತು ಸೆಕೆಂಡಿನ ಕೆಲಸ. ತಿರುಗಿಸಲಿಲ್ಲ. ನನ್ನ ಉಸಿರು ಕೇಳಿಸುತ್ತಲೇ ಮುಖಕ್ಕೆ ಹೊಡೆದಂತೆ ಇಟ್ಟುಬಿಟ್ಟನಲ್ಲ, ಇರಲಿ, ಅವನಿಗೇನು ಕಣ್ಣಿಲ್ಲವೇ, ಆಕಾಶ ನೋಡಿಕೊಳ್ಳಲಿ ಎಂದುಕೊಂಡೆ. ಚಹಾ ಬಸಿದುಕೊಂಡು ಕೂತೆ. ಎರಡನೆಯ ಕಪ್ಪನ್ನೂ ಕುಡಿದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಹೇಳದೆ ಬಿಟ್ಟರೆ ಉಳಿದದ್ದನ್ನು ಹೇಳಿ ಪ್ರಯೋಜನವಿಲ್ಲ.

ಹತ್ತು ಗಂಟೆಗೆ ಮಳೆ ಅಡ್ಡಡ್ಡ ಹೊಡೆಯತೊಡಗಿತು. ನೀಲ್‌ನ ದುರ್ಬೀನು ತೆಗೆದುಕೊಂಡು ಕಿಟಕಿಗೆ ಹೋದೆ. ಕಣಿವೆಯ ಆಚೆ ವಾಟಿಯ ಎತ್ತರದ ಹುಲ್ಲುಗಾವಲಲ್ಲಿ ಕುರಿಗಳೆಲ್ಲ ಸಿಪ್ಪೆ ಸುಲಿದ ಆಲೂಗಡ್ಡೆಯ ಹಾಗೆ ಬೆಳ್ಳಗೆ ನಿಂತಿದ್ದವು. ಒಂದನ್ನೂ ಕೆಳಗಿಳಿಸಿರಲಿಲ್ಲ. ಓಡಿಹೋಗಿ ಫೋನ್ ಮಾಡಿದೆ. ಹನ್ನೆರಡು ರಿಂಗ್ ಆಯಿತು. ಎತ್ತಲಿಲ್ಲ.

ಲ್ಯಾಂಡ್ ರೋವರ್ ಸ್ಟಾರ್ಟ್ ಆಗಲು ಹಟ ಮಾಡಿತು. ಹಳ್ಳದ ಸೇತುವೆ ದಾಟುವಾಗ ಗಾಜಿನ ಮೇಲೆ ಬೀಳುತ್ತಿದ್ದ ಹನಿ ದಪ್ಪಗಾಗಿತ್ತು. ವಾಟಿಯ ಗೇಟು ದಾಟುವಷ್ಟರಲ್ಲಿ ಅದು ಹನಿಯಾಗಿ ಉಳಿದಿರಲಿಲ್ಲ.

ಅವನು ಮನೆಯ ಹಿಂದಿನ ಶೆಡ್ಡಿನಲ್ಲಿ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದ. ಸುತ್ತಿಗೆಯ ಸದ್ದಿಗೆ ಗಂಟೆ ಕೇಳಿಸಿರಲಿಲ್ಲ. ಒಂದು ಪೆಟ್ಟಿಗೆಯಲ್ಲಿ ಒಣಹುಲ್ಲಿನ ನಡುವೆ ಅವನಮ್ಮನ ಪಿಂಗಾಣಿ ತಟ್ಟೆಗಳಿದ್ದವು. ನೋಡಿದೆ, ಆದರೆ ಅದೇನು ಎತ್ತ ಎಂದು ಯೋಚಿಸುವ ಹೊತ್ತು ಅದಾಗಿರಲಿಲ್ಲ.

"ವಾಟಿ! ಕುರಿಯೆಲ್ಲ ಮೇಲೇ ಇದಾವಲ್ಲೋ!"

"ಇರ್ಲಿ ಬಿಡು, ಮಳೆಗೇನೂ ಆಗಲ್ಲ. ಎರಡು ರಿಂಗ್ ಮಾಡಿದ್ಯಲ್ಲ."

"ಮೂರು ಕಣೋ! ಮೂರು! ಮೂರನೇದು ಆಗೋಕ್ ಮುಂಚೆ ನೀನು ಎತ್ತಿಬಿಟ್ಟೆ!"

ಅವನು ಸುತ್ತಿಗೆ ಕೆಳಗಿಟ್ಟ. "ಅಭ್ಯಾಸ ನೋಡು, ಕೈ ತಾನೇ ಹೋಯ್ತು. ಎತ್ತಿದ್ಮೇಲೆ ನೀನು ಬೈದಿದ್ದು ನೆನಪಾಯ್ತು. ಇಟ್ಬಿಟ್ಟೆ." ಕೋಟು ತೆಗೆದುಕೊಳ್ಳುತ್ತಿದ್ದವನು ಅರ್ಧ ತೋಳು ಹಾಕಿ ನಿಂತ. "ನಂಗೆ ಎರಡೇ ಕೇಳಿಸಿದ್ದು ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಏಳೂಕಾಲಿಂದ."

ಅವನು ಇನ್ನೊಂದು ತೋಳನ್ನೂ ಹಾಕಿಕೊಂಡ. ಫ್ಲೋಗೆ ಸಿಳ್ಳೆ ಹಾಕಿ ಹೊರಟ. ಎರಡು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮೇಲೆ ಹತ್ತುವಷ್ಟರಲ್ಲಿ ಹುಲ್ಲು ಕಾಣದಂತಾಗಿತ್ತು. ಕುರಿಗಳು ಗಾಳಿಗೆ ಬೆನ್ನು ಕೊಟ್ಟು ಸರಿಯುತ್ತ ಸರಿಯುತ್ತ ಬಡಗಣ ಬೇಲಿಯ ಮೂಲೆಗೆ ಹೋಗಿ ಒತ್ತಿಕೊಂಡಿದ್ದವು. ಹಿಂದಿನವು ಮುಂದಿನವುಗಳ ಮೇಲೆ ಹತ್ತುತ್ತಿದ್ದವು. ಕೊಟ್ಟಿಗೆ ಇದ್ದದ್ದು ತೆಂಕಣಕ್ಕೆ, ಗಾಳಿಗೆ ಎದುರು. ಫ್ಲೋ ಸುತ್ತು ಹಾಕಿ ಇಪ್ಪತ್ತು ಕುರಿಗಳನ್ನು ತಿರುಗಿಸಿದಳು. ಮುಖಕ್ಕೆ ಹಿಮ ಬಡಿಯುತ್ತಲೇ ಅವು ಮತ್ತೆ ಮೂಲೆಗೆ ನುಗ್ಗಿದವು. ಎರಡನೆಯ ಸಲವೂ ಅಷ್ಟೆ. ಬೋಳು ಮೈಯ ಕುರಿ ತೆಂಕಣ ಗಾಳಿಗೆ ಎದುರು ನಡೆಯುವುದಿಲ್ಲ. ಒಂಬತ್ತಕ್ಕೆ ಮುಂಚೆಯಾಗಿದ್ದರೆ ನಡೆಯುತ್ತಿದ್ದವು.

"ಆಗಲ್ಲ," ಎಂದ ವಾಟಿ. ಬೇಲಿಯ ಆಚೆ ಒಂದು ಕೊರಕಲಿತ್ತು, ತುಂಬ ಕಾನೂಕಾ ಮರಗಳು, ಒಳಗೆ ಗಾಳಿ ಆಡುತ್ತಿರಲಿಲ್ಲ. ಅವನು ಜೇಬಿನಿಂದ ಇಕ್ಕಳ ತೆಗೆದು ಮೇಲಿನ ತಂತಿಯನ್ನು ಕತ್ತರಿಸಿದ. ಅದು ಕೀರಲು ಸದ್ದು ಮಾಡಿ ಹಿಂದಕ್ಕೆ ಸಿಡಿಯಿತು. ಎರಡನೆಯದು, ಮೂರನೆಯದು, ಏಳೂ ತಂತಿಗಳನ್ನು ಕತ್ತರಿಸಿದ. ಮುಂದಿನ ಕಂಬದ ಬಳಿ ಹೋಗಿ ಅಲ್ಲೂ ಏಳು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ವಾಟಿ ಒಂದು ತಂತಿ ಸಡಿಲವಾದರೆ ಊಟಕ್ಕೆ ಕೂರದೆ ಬಿಗಿಯುತ್ತಿದ್ದ ಮನುಷ್ಯ. ಆ ಬೇಲಿಯನ್ನು ಅವನಪ್ಪ ಹಾಕಿದ್ದು.

ಕುರಿಗಳು ಗಾಳಿಯ ಜೊತೆ ಕೊರಕಲಿಗೆ ಇಳಿದವು. ಸಾಲು ಮುಗಿಯುವವರೆಗೆ ಇಬ್ಬರೂ ಕಂಬಕ್ಕೊಬ್ಬರಂತೆ ನಿಂತಿದ್ದೆವು. ಏನಾದರೂ ಮಾತಾಡಬೇಕಲ್ಲ ಎಂದು ನಾನೇ ಕೂಗಿದೆ.

"ಒಂದು ಕಡೆ ಬಿಚ್ಚಿದ್ರೆ ಸಾಕಿರ್ಲಿಲ್ವಾ? ಇಷ್ಟುದ್ದ ಬೇಲಿ ಕಡಿದು ಹಾಕಿದ್ಯಲ್ಲ, ಇನ್ಯಾವಾಗ ಕಟ್ತೀಯ?"

"ಕಟ್ಟಲ್ಲ."

"ಏನು?"

"ಕಟ್ಟಲ್ಲ ಎಫಿ. ಜಮೀನು ಮಾರ್ಬಿಟ್ಟೆ. ನವೆಂಬರ್‌ಗೆ ಬಿಟ್ಟುಕೊಡ್ಬೇಕು. ಬರೋ ಚಳಿಗಾಲಕ್ಕೆ ಇಲ್ಲೆಲ್ಲ ಪೈನ್ ಸಸಿ ನೆಡ್ತಾರಂತೆ. ಬೇಲಿನೆಲ್ಲ ಅವರೇ ಕಿತ್ತು ಹಾಕ್ತಾರೆ." ಅವನ ಹುಬ್ಬಿನ ಮೇಲೆ ಹಿಮ ಕೂತಿತ್ತು, ಒರೆಸಿಕೊಳ್ಳಲಿಲ್ಲ. "ನನ್ನ ಸೊಂಟ ಇನ್ನು ಈ ಗುಡ್ಡಕ್ಕಾಗಲ್ಲ. ಅವತ್ತು ಫೋನಲ್ಲಿ ಅದನ್ನೇ ಹೇಳೋಕ್ ಹೊರಟಿದ್ದೆ. ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳೋದು ಬೇಡ ಅಂತ."

ಹೋಗಬೇಡ ಎನ್ನಲು ನಾನು ಯಾರು? ಹೋಗಬೇಡ ಎನ್ನಬೇಕೆಂದು ಆ ಹಿಮದಲ್ಲಿ ನಿಂತು ನನಗೆ ತುಂಬ ಅನಿಸಿತು. ಬದಲಿಗೆ, "ಟೋಪಿ ಹಾಕ್ಕೋ, ನೆಗಡಿಯಾಗತ್ತೆ," ಎಂದೆ.

ಮೂಲೆಯಲ್ಲಿ ಅಡಿಗೆ ಸಿಕ್ಕಿದ ನಲವತ್ತೊಂದು ಕುರಿಗಳು ಏಳಲೇ ಇಲ್ಲ. ಹೊಟ್ಟೆಯಲ್ಲಿ ಒಂದೊಂದಕ್ಕೂ ಮರಿಯಿತ್ತು, ಕೆಲವಕ್ಕೆ ಎರಡೆರಡು. ಏಳೂಕಾಲಿಗೆ ನಾನು ಹತ್ತು ಸೆಕೆಂಡ್ ಖರ್ಚು ಮಾಡಿದ್ದರೆ ಅವೆಲ್ಲ ಒಂಬತ್ತರೊಳಗೆ ಕೊಟ್ಟಿಗೆಯಲ್ಲಿರುತ್ತಿದ್ದವು. ವಾಟಿ ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಲಿಲ್ಲ. ರಿಂಗ್ ಎಣಿಸುವುದರಲ್ಲಿ ತಾನೇ ತಪ್ಪಿದೆ ಎಂದು ನೋಯೆಲೀನಳ ಗಂಡನಿಗೆ ಹೇಳಿದನಂತೆ.

ನವೆಂಬರಿನ ಎರಡನೆಯ ವಾರ ಅವನು ಓಮರೂವಿಗೆ ತಂಗಿ ಮೇವಿಸಳ ಮನೆಗೆ ಹೊರಟ. ಫ್ಲೋಳನ್ನು ನೋಯೆಲೀನಳ ಮನೆಯವರಿಗೆ ಕೊಟ್ಟಿದ್ದ. ನಮ್ಮ ಮನೆ ಮುಂದೆ ಟ್ರಕ್ಕು ನಿಲ್ಲಿಸಿದ, ಎಂಜಿನ್ ಆರಿಸಲಿಲ್ಲ. ಒಂದು ಚೀಟಿ ಕೊಟ್ಟ.

"ತಂಗಿ ಮನೆ ನಂಬರ್."

"ಅಲ್ಲಿ ಹಿಮ ಬೀಳತ್ತಾ?"

"ಸಮುದ್ರದ ಪಕ್ಕ ಮಾರಾಯ್ತಿ, ಎಲ್ಲಿ ಬೀಳತ್ತೆ."

"ಹಂಗಾದ್ರೆ ನಾನ್ಯಾಕೆ ಫೋನ್ ಮಾಡ್ಲಿ?"

ತಮಾಷೆಗೆ ಹೇಳಿದೆ. ಅವನು ನಕ್ಕ, ನಾನೂ ನಕ್ಕೆ. ಟ್ರಕ್ಕು ತಿರುವಿನಲ್ಲಿ ಮರೆಯಾಗುವವರೆಗೂ ಆ ಹಾಳು ನಗು ನನ್ನ ಮುಖದ ಮೇಲೆ ಹಾಗೇ ಇತ್ತು.

ಗಡಿಯಾರವನ್ನು ಮತ್ತೆ ಗೋಡೆಗೆ ಹಾಕಿ ಚೀಟಿಯನ್ನು ಅದರ ಹಿಂದೆ ಇಟ್ಟೆ. ಹತ್ತು ತಿಂಗಳು ಇತ್ತು. ಸುಮ್ಮನೆ ಫೋನ್ ಮಾಡಿ ಹೇಗಿದ್ದೀಯ ಎನ್ನುವುದು ನನಗೆ ಬರುವುದಿಲ್ಲ. ನನ್ನ ಫೋನಿಗೆ ಯಾವಾಗಲೂ ಒಂದು ಕಾರಣ ಬೇಕು. ಅವನೂ ಮಾಡಲಿಲ್ಲ. ಎತ್ತಬೇಡ, ಇಡು, ಯಾಕೆ ಮಾಡಲಿ ಎಂದವಳಿಗೆ ಯಾರು ತಾನೇ ಮಾಡುತ್ತಾರೆ? ಚಳಿಗಾಲದಲ್ಲಿ ಪೈನ್ ಸಸಿ ನೆಡುವವರು ಬಂದರು. ದುರ್ಬೀನಿನಲ್ಲಿ ನೋಡಿದರೆ ಬೇಲಿಗಳಿರಲಿಲ್ಲ, ಗುಡ್ಡದ ತುಂಬ ಮೊಳಕಾಲೆತ್ತರದ ಹಸಿರು ಚುಕ್ಕೆಗಳು.

ಮತ್ತೆ ಸೆಪ್ಟೆಂಬರ್ ಬಂತು. ಒಂದು ಮಂಗಳವಾರ ಬೆಳಗ್ಗೆ ರೇಡಿಯೋದವನು ಅದನ್ನೇ ಓದಿದ. ಬೆಳಗ್ಗೆ ಮಳೆ, ಆಮೇಲೆ ಹಿಮ, ಇನ್ನೂರು ಮೀಟರಿನವರೆಗೆ. ನಾಲ್ಕು ಮನೆಗೆ ಮೂರು ಮೂರು ರಿಂಗ್ ಮಾಡಿದೆ. ಬೆರಳು ನಿಲ್ಲಲಿಲ್ಲ, ಐದನೆಯ ನಂಬರನ್ನೂ ತಿರುಗಿಸಿತು. ಈ ಸಂಖ್ಯೆ ಬಳಕೆಯಲ್ಲಿಲ್ಲ ಎಂದಿತು ಟೇಪಿನ ಹೆಂಗಸಿನ ದನಿ. ಗಡಿಯಾರದ ಹಿಂದಿನಿಂದ ಚೀಟಿ ತೆಗೆದೆ.

ಒಂದು ರಿಂಗ್. ಎರಡು. ಈಗ ಎತ್ತುತ್ತಾನೆ ಎಂದುಕೊಂಡೆ. ಮೂರು, ನಾಲ್ಕು, ಐದು. ಆರನೆಯದಕ್ಕೆ ಒಬ್ಬ ಹೆಂಗಸು ಎತ್ತಿದಳು.

"ವಾಟಿ ಇದಾರಾ?"

"ಬೀಚ್ ಕಡೆ ವಾಕಿಂಗ್ ಹೋಗಿದಾನೆ. ಯಾರಿದು?"

"ಎಫಿ ಲಾಡರ್ ಅಂತ. ಸ್ಲೇಟ್‌ಬರ್ನ್‌ನಿಂದ. ಹಿಮ ಬೀಳತ್ತೆ ಅಂತ ಹೇಳ್ಬಿಡಿ ಅವನಿಗೆ."

"ಇಲ್ಲಿನಾ? ಇಲ್ಲಿ ಬಿಸಿಲಿದೆಯಲ್ಲಮ್ಮ!"

"ಅಲ್ಲಲ್ಲ. ಇಲ್ಲಿ, ನಮ್ಮ ಕಡೆ."

"ಅವನ ಹತ್ರ ಈಗ ಕುರಿ ಇಲ್ವಲ್ಲ," ಎಂದಳು ಮೇವಿಸ್ ಮೆಲ್ಲಗೆ.

"ಗೊತ್ತು," ಎಂದೆ. "ಆದ್ರೂ ಹೇಳಿ."

ಒಂಬತ್ತಕ್ಕೆ ಅಂಗಳಕ್ಕೆ ಹೋಗಿ ತಾಮ್ರದ ಡಬ್ಬಿಯ ನೀರನ್ನು ಗಾಜಿನ ಅಳತೆಗೆ ಬಗ್ಗಿಸುತ್ತಿದ್ದೆ. ಒಳಗೆ ಫೋನ್ ರಿಂಗ್ ಆಯಿತು. ಅಷ್ಟು ಹೊತ್ತಿಗೆ ನನಗೆ ಫೋನ್ ಮಾಡುವವರು ಯಾರೂ ಇರಲಿಲ್ಲ. ಡಬ್ಬಿ ಬಿಟ್ಟು ಓಡಿದೆ. ಎರಡನೆಯ ರಿಂಗಿಗೆ ಹಿಂಬಾಗಿಲ ಮೆಟ್ಟಿಲಲ್ಲಿದ್ದೆ, ಗಂಬೂಟು ಕಳಚಲಿಲ್ಲ, ಕೆಸರುಗಾಲಲ್ಲೇ ಒಳಗೆ ನುಗ್ಗಿದೆ. ಮೂರನೆಯದಕ್ಕೆ ಕೈ ಫೋನಿನ ಮೇಲಿತ್ತು, ಎತ್ತುವಷ್ಟರಲ್ಲಿ ನಿಂತುಹೋಯಿತು.

ಕಿವಿಗಿಟ್ಟುಕೊಂಡೆ. ಬರೀ ಡಯಲ್ ಟೋನ್.

ವಾಟಿಯೇ. ನನ್ನ ನಿಯಮವನ್ನು ಅವನು ಒಂದಿಷ್ಟೂ ತಪ್ಪದೆ ಪಾಲಿಸಿದ್ದ. ಮೂರು ರಿಂಗ್ ಮಾಡಿ ಇಟ್ಟಿದ್ದ. ನಾನು ಅಡುಗೆಮನೆಯಲ್ಲಿ ಕೆಸರು ಬೂಟಿನಲ್ಲಿ ನಿಂತು ಆ ಟೋನನ್ನೇ ಬಹಳ ಹೊತ್ತು ಕೇಳಿದೆ. ಹೊರಗೆ ಮಳೆ ಬಿಳಿಯಾಗತೊಡಗಿತ್ತು.